ಡಿಕ್ಷನರಿಯ ಒಂದು ಹಾಳೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದು ಕೂತಿದ್ದೇನೆ, ಪ್ರತಿ ಸಲವೂ ಏನೋ ಒಂದು ನೆಪ ಹೇಳಿ ಎದ್ದಿದ್ದೇನೆ. ಹೇಡಿಗೆ ನೆಪಗಳ ಬರವಿಲ್ಲ.

ಆಗೆಲ್ಲ ಸವಣೂರಿನಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಅರ್ಧ ದೇವರು. ನಾನು ಒಂಬತ್ತನೆಯ ತರಗತಿ, ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನಾಲ್ಕು ಇಂಗ್ಲಿಷ್ ಪದ ಬಾಯಿಗೆ ಬಂದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇಂಗ್ಲಿಷ್ ಸರ್ ಹಾನಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಶಾಲೆಗಿದ್ದ ಒಂದೇ ಒಂದು ದೊಡ್ಡ ಡಿಕ್ಷನರಿಯ ಹೊಲಿಗೆ ಬಿಚ್ಚಿಹೋಗಿತ್ತು. ಸರ್ ಅದನ್ನೇ ಅನುಕೂಲ ಮಾಡಿಕೊಂಡು ಸೋಮವಾರ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಹಂಚುತ್ತಿದ್ದರು. ಶನಿವಾರ ನಮ್ಮ ಹಾಳೆಯ ಒಂದು ಪದ ಆರಿಸಿಕೊಂಡು, ಚಪ್ಪಾಳೆ ತಟ್ಟುತ್ತ ಅದನ್ನು ಉಚ್ಚಾರದ ತುಂಡುಗಳಾಗಿ ಒಡೆದು, ಅರ್ಥ ಹೇಳಿ, ಅದು ಎಲ್ಲಿಂದ ಬಂತೆಂದು ಹೇಳಬೇಕು. ಆಮೇಲೆ ಹಾಳೆ ವಾಪಸು. ಕಳೆದುಕೊಂಡವರು ಅಪ್ಪನನ್ನು ಕರೆತರಬೇಕು.

ನಮ್ಮೊಂದಿಗೆ ಎಲೆತೋಟದ ಹುಡುಗಿಯೊಬ್ಬಳಿದ್ದಳು. ಬೆಳಿಗ್ಗೆ ವೀಳ್ಯದೆಲೆ ಕೊಯ್ದು, ಉಗುರಿನ ಹಸಿರು ಕಲೆಯ ಸಮೇತ ಶಾಲೆಗೆ ಬರುವಳು. ಅವಳ ಪಾಟಿಚೀಲಕ್ಕೆ ಒದ್ದೆ ಗೋಣಿಯ ವಾಸನೆ. ಅವಳಿಗೆ 'ಎಲಿ' ಎಂದು ಹೆಸರಿಟ್ಟವನು ನಾನೇ.

ಆ ಶನಿವಾರ ನಾನು ಆರಿಸಿದ್ದು 'ಕ್ಲರ್ಕ್'. ಅಪ್ಪನ ಹುದ್ದೆಯಲ್ಲವೇ! ಗ್ರೀಕ್ ಮೂಲವನ್ನು ಗತ್ತಿನಿಂದ ಹೇಳಿದೆ. ಆದರೆ ಪದ ಒಂದೇ ತುಂಡು, ಚಪ್ಪಾಳೆಯೂ ಒಂದೇ.

ಎಲಿ ಎದ್ದಳು. ಎರಡು ಚಪ್ಪಾಳೆ. "ಬೀಟಲ್, ಸರ್. ನಾವು ತಿನ್ನೋ ಎಲಿರೀ. ಮಲಯಾಳದಾಗ ವೆಟ್ಟಿಲ ಅಂತಾರಂತ. ಅದನ್ನ ಪೋರ್ಚುಗೀಸರು ಒಯ್ದರು, ಅವರ ಕಡಿಂದ ಇಂಗ್ಲಿಷರು ಇಸ್ಕೊಂಡ್ರು."

"ಎಲಿ ಬಾಯಾಗ ಎಲಿನ!" ಎಂದೆ ನಾನು.

ಅವಳು ತಿರುಗಿ ನೋಡಿದಳು. "ಹೂಂ ಮತ್ತ. ಗುಮಾಸ್ತಗ ಅನ್ನಾಕ ಅವರ ಕಡೆ ಪದ ಇತ್ತು. ಎಲಿಗೆ ಮಾತ್ರ ನಮ್ಮ ಕಡೀಗೇ ಕೈ ಚಾಚಬೇಕಾತು."

ತರಗತಿ ಬಿದ್ದು ಬಿದ್ದು ನಕ್ಕಿತು. "ಭಲೇ ತಂಗಿ!" ಎಂದು ಸರ್ ಕೂಡ ನಕ್ಕರು.

ಹಾಳೆ ವಾಪಸು ಕೊಡುವ ಮೊದಲು ನೀರು ಕುಡಿಯಲು ಬಿಟ್ಟಾಗ ಅವಳ ಪುಸ್ತಕದಿಂದ ಆ ಹಾಳೆ ತೆಗೆದು ಅಂಗಿಯೊಳಗೆ ಇಟ್ಟುಕೊಂಡೆ.

"ಈಗ ಇಲ್ಲೇ ಇತ್ತರೀ ಸರ್..." ಅವಳು ಚೀಲವನ್ನು ಮೂರು ಸಲ ನೆಲಕ್ಕೆ ಸುರಿದಳು. ನಾನೂ ಬಗ್ಗಿ ಹುಡುಕಿದೆ. ಅಂಥ ನೀಚ ನಾನು.

ಸೋಮವಾರ ಅವಳಪ್ಪ ಬಂದ. "ತ್ವಾಟಕ್ಕ ಕೈ ಸಾಲವಲ್ವು ಸರ್. ಹೆಣ್ಣುಹುಡುಗಿ, ಇಷ್ಟು ಕಲ್ತದ್ದ ಸಾಕು."

"ಹಾಳಿ ಹೋದ್ರ ಹೋಗ್ಲಿ, ಹುಡುಗೀನ ಬಿಡಿಸಬ್ಯಾಡ್ರಿ," ಎಂದು ಸರ್ ಅಂಗಲಾಚಿದರು. ಅವನು ಕಾಯುತ್ತಿದ್ದದ್ದು ಒಂದು ನೆಪಕ್ಕೆ. ಒದಗಿಸಿದವನು ನಾನು. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ನಾಲ್ಕು ದಿನದ ಮೇಲೆ ಕೆರೆದಂಡೆಯಲ್ಲಿ ಅಡ್ಡ ನಿಂತಳು. "ಹಾಳಿ ನಿನ್ನ ಕಡೆ ಐತಿ, ಗೊತ್ತೈತಿ ನಂಗ. ಸರ್‌ಗೆ ಕೊಟ್ಟು ಬಿಡು. ನಿನ್ನ ಹೆಸರು ಹೇಳಂಗಿಲ್ಲ. ಅಪ್ಪನ್ನ ಒಪ್ಪಿಸ್ತೇನಿ, ಮತ್ತ ಸಾಲಿಗೆ ಬರ್ತೇನಿ."

"ಎಲಿ ಕೊಯ್ಯಾಕ ಇಂಗ್ಲಿಷ್ ಯಾಕ ಬೇಕಲೇ?" ಎಂದು ನಾನು ನಡೆದುಬಿಟ್ಟೆ.

ಅಷ್ಟು ಮೆರೆದವನ ಓದೂ ಹೈಸ್ಕೂಲಿಗೇ ನಿಂತಿತು. ಅವಳು ಜೀವನವಿಡೀ ಸವಣೂರಿನ ಸಂತೆಯಲ್ಲಿ ಎಲೆ ಮಾರಿದಳು, ನಾನು ಅವಳ ಹತ್ತಿರವೇ ಕೊಂಡೆ. "ಆರಾಮ ಅದೀರೇನ್ರಿ?" ಎನ್ನುವಳು, ಹಳೆಯದನ್ನು ಒಮ್ಮೆಯೂ ಎತ್ತಲಿಲ್ಲ. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಬಾಯಿಗೆ ಒಂದು ಎಲೆ ತುರುಕಿಕೊಂಡೆ. ಹೋದ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಸಂತೆಯಲ್ಲಿ ಆಕೆ ಕೂರುತ್ತಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಬುಟ್ಟಿಗಳು.

ಊರ ತುಂಬ ಇಂಗ್ಲಿಷ್ ಶಾಲೆಗಳ ಬೋರ್ಡು. ಮೊಮ್ಮಗ ಅರಳು ಹುರಿದಂತೆ ಮಾತಾಡುತ್ತಾನೆ. ಒಂದು ಪದ ಎಲ್ಲಿಂದ ಬಂತೋ ಎಂದರೆ, "ಪರೀಕ್ಷಾಕ್ಕ ಬರಂಗಿಲ್ಲಜ್ಜಾ" ಎನ್ನುತ್ತಾನೆ. ಅವನನ್ನು ಬೈಯಲು ನನಗೆ ಯಾವ ಯೋಗ್ಯತೆ? ಎಲ್ಲಿಂದ ಬಂತೆಂದು ಹುಡುಕಿ ಹೇಳುತ್ತಿದ್ದ ಒಬ್ಬಳನ್ನು ಶಾಲೆಯಿಂದ ಹೊರಗೆ ಹಾಕಿದವನು ನಾನು.

ಹಾಳೆ ನನ್ನ ಟ್ರಂಕಿನಲ್ಲಿದೆ. ಮೂಲೆಯಲ್ಲಿ ಅವಳ ಬೆರಳಿನ ಹಸಿರು ಕಲೆ ಕಂದು ಬಣ್ಣಕ್ಕೆ ತಿರುಗಿದೆ. ಇಷ್ಟು ಹೊತ್ತೂ ನಾನಿಟ್ಟ ಅಡ್ಡಹೆಸರಿನಿಂದಲೇ ಆಕೆಯನ್ನು ಕರೆದೆ. ಹಾಜರಿ ಪುಸ್ತಕ ನೋಡಿ ಸರ್ ಕರೆಯುತ್ತಿದ್ದ ಹೆಸರು ಫಕೀರವ್ವ.