ಕುಣಿಗಲ್ ಮೇಡಂ ಅವರ ಬಳೆ

ಪಿಎಚ್‌.ಡಿ. ಮುಗಿಸಲು ನನಗೆ ಇನ್ನೊಂದು ವರ್ಷ ಬೇಕಿತ್ತು. ಕೊಡುವುದೋ ಬಿಡುವುದೋ ತುಮಕೂರಿನ ನಮ್ಮ ಕಾಲೇಜಿನ ಸಮಿತಿಯ ಕೈಯಲ್ಲಿತ್ತು. ಅದರ ಅಧ್ಯಕ್ಷೆ ಸಿವಿಲ್ ವಿಭಾಗದ ಮೇಡಂ. ದಿನಾ ಕುಣಿಗಲ್‌ನಿಂದ ಬಂದು ಹೋಗುವವರು, ಕಣ್ಣಾರೆ ಕಂಡದ್ದನ್ನೂ ಎರಡು ಸಲ ನೋಡುವವರು.

"ಯಾಕಮ್ಮ ಇಷ್ಟು ತಡ?" ಅಂದರು ಸಮಿತಿಯ ಸಭೆಯಲ್ಲಿ. ಮನೆ, ಅಡುಗೆ, ಗುಬ್ಬಿಯಿಂದ ಓಡಾಟ ಎಂದು ರಾಗ ಎಳೆದೆ.

"ಅಡುಗೆ ನೆಪ ಹೇಳ್ಬೇಡ. ನಮ್ಮನೇಲಿ ಅಡುಗೆಯೋಳು ಇದಾಳೆ. ಮದ್ವೆ ಆದಾಗಿಂದ ನಾನು ಮುದ್ದೆ ಕೋಲು ಮುಟ್ಟಿಲ್ಲ."

ಈ ಮಾತು ಸ್ಟಾಫ್‌ರೂಮಿನ ಗೋಡೆಗೂ ಬಾಯಿಪಾಠವಾಗಿತ್ತು. ಮೈ ಉರಿದರೂ ತಲೆಯಾಡಿಸಿದೆ.

ನನ್ನ ಕೆಲಸ ಮೊಬೈಲ್ ಚಿಪ್ಪಿನೊಳಗಿನ ಕಾಯಿಲ್. ರಾಗಿ ಕಾಳಿಗಿಂತ ಚಿಕ್ಕದಾದ ಲೋಹದ ಸುರುಳಿ ಅದು. ಫೋನು ಯಾವ ತರಂಗ ಹಿಡಿಯಬೇಕು ಎನ್ನುವುದಕ್ಕೆ ಅದೂ ಕಾರಣ. ಒಂದೊಂದು ತರಂಗಕ್ಕೆ ಒಂದೊಂದು ಸುರುಳಿ ಇಟ್ಟರೆ ಚಿಪ್ಪಿನಲ್ಲಿ ಜಾಗ ಸಾಲದು. ಅದಕ್ಕೆ ಸುರುಳಿಗೆ ತಾಗದ ಹಾಗೆ ಒಂದು ಉಂಗುರ ಇಡುತ್ತೇವೆ. ಉಂಗುರದ ಬಾಯಿ ಮುಚ್ಚಿದರೆ ಅದರಲ್ಲೂ ವಿದ್ಯುತ್ ಸುತ್ತಿ ಸುರುಳಿಯ ಗುಣ ಬದಲಾಗುತ್ತದೆ. ತೆರೆದರೆ ಮೊದಲಿನಂತೆ. ಇಷ್ಟನ್ನು ಸಭೆಗೆ ವಿವರಿಸಿದೆ.

"ಮುಟ್ಟದೇನೇ ಬದಲಾಗುತ್ತಾ? ತೋರ್ಸು, ನೋಡಾಣ," ಅಂದರು ಮೇಡಂ.

ತೋರಿಸಲೆಂದೇ ಅಂಗೈಯಗಲದ ಸುರುಳಿ ಸುತ್ತಿ ತಂದಿದ್ದೆ. ಅದರ ಗುಣ ಬದಲಾದರೆ ಅದಕ್ಕೆ ಜೋಡಿಸಿದ ಸ್ಪೀಕರಿನ ಸಿಳ್ಳೆಯ ಸ್ವರ ಏರಬೇಕು. ಆದರೆ ತಾಮ್ರದ ಉಂಗುರ ಗುಬ್ಬಿ ಬಸ್ಸಿನಲ್ಲಿ ಯಾರದೋ ತೆಂಗಿನಕಾಯಿ ಮೂಟೆಯಡಿ ಸಿಕ್ಕಿ ಮುರಿದಿತ್ತು. ನನ್ನ ಕಣ್ಣು ಮೇಡಂ ಕೈಗೆ ಹೋಯಿತು. ಕೊಕ್ಕೆ ಹಾಕಿ ಮುಚ್ಚುವ ದಪ್ಪ ಚಿನ್ನದ ಬಳೆ.

"ಆ ಬಳೆ ಕೊಡ್ತೀರಾ ಮೇಡಂ?"

"ಏನಾದ್ರೂ ಆಗ್ಲಿ, ಆಮೇಲಿದೆ ನಿಂಗೆ," ಎನ್ನುತ್ತಾ ಬಿಚ್ಚಿ ಕೊಟ್ಟರು.

ಸುರುಳಿಯ ಮೇಲೆ ಬಿಳಿ ಕಾಗದ ಹಾಸಿ ಬಳೆ ಇಟ್ಟೆ. ಬಾಯಿ ತೆರೆದಿದ್ದಾಗ ಸಿಳ್ಳೆ ಹಾಗೇ ಇತ್ತು. ಮುಚ್ಚಿದೆ. ಆಗಲೂ ಹಾಗೇ ಇತ್ತು. ಮೇಡಂ ಗಡಿಯಾರ ನೋಡಿದರು. ನನ್ನ ಒಂದು ವರ್ಷ ಕಣ್ಣೆದುರೇ ಜಾರುತ್ತಿತ್ತು. ಬಳೆ ಎತ್ತಿ ನೋಡಿದರೆ, ಕೊಕ್ಕೆ ಕೂರುವಲ್ಲಿ ಏನೋ ಒಣಗಿ ಗಟ್ಟಿಯಾಗಿ, ತುದಿಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ.

ಹೇರ್‌ಪಿನ್ನಿನಿಂದ ಕೆದಕಿದೆ. ಕಾಗದದ ಮೇಲೆ ಉದುರಿದ್ದು ಕಪ್ಪು ಕಪ್ಪಾದ ರಾಗಿ ಹಿಟ್ಟು. ಗುಬ್ಬಿಯವಳಿಗೆ ಮುದ್ದೆಯ ಗುರುತು ಯಾರೂ ಹೇಳಿಕೊಡಬೇಕಿಲ್ಲ. ಮೇಡಂ ಬಾಗಿ, ಉಫ್ ಎಂದು ಊದಿಬಿಟ್ಟರು.

ಮತ್ತೆ ಮುಚ್ಚಿ ಇಟ್ಟೆ. ಸಿಳ್ಳೆ ಥಟ್ಟನೆ ಏರಿತು. ಉಳಿದ ಸದಸ್ಯರು ನಾನು ತಾನು ಎಂದು ಬಳೆ ತೆರೆದು ಮುಚ್ಚಿ ಆಡತೊಡಗಿದರು. ಆ ಗದ್ದಲದಲ್ಲಿ ಮೇಡಂ ನನ್ನ ಅರ್ಜಿಗೆ ಸಹಿ ಹಾಕುತ್ತಾ ಪಿಸುಗುಟ್ಟಿದರು.

"ಅಡುಗೆಯೋಳು ಯಾವತ್ತೂ ಇರ್ಲಿಲ್ಲ ಕಣೇ. ಈ ಹಿಟ್ಟಿನ ವಿಷ್ಯ ಬಾಗ್ಲು ದಾಟಿದ್ರೆ, ಕೊಟ್ಟಿರೋ ವರ್ಷ ವಾಪಸ್ ತಗೋತೀನಿ."

ಅವರನ್ನು ಮೊದಲ ಸಲ ಇಷ್ಟಪಟ್ಟೆ. ಬಾಯಿಗೆ ಬೀಗ ಹಾಕಿಕೊಂಡೆ. ಆ ವರ್ಷ ಮುಗಿಯಿತು, ನನ್ನ ಹೆಸರಿನ ಮುಂದೆ ಡಾಕ್ಟರ್ ಬಂತು. ಇನ್ನು ಅವರು ವಾಪಸ್ ತೆಗೆದುಕೊಳ್ಳುವಂಥದ್ದು ಏನೂ ಉಳಿದಿಲ್ಲ, ಅದಕ್ಕೇ ಬರೆದಿದ್ದೇನೆ.