ಬೊಮ್ಮಪ್ಪ ಬಿಟ್ಟುಹೋದ ಅರ್ಧ ಕಂಬಳಿ

ನಿಡುಗಲ್ಲಿನ ಆಂಜಿನಮ್ಮನ ಗಂಡ ಬೊಮ್ಮಪ್ಪ ಕಂಬಳಿ ನೇಯುತ್ತಿದ್ದವನು. ಮಗ್ಗದ ಮೇಲೆ ಕಂಬಳಿ ಅರ್ಧವಾಗಿದ್ದಾಗಲೇ ಹೋಗಿಬಿಟ್ಟ. ಎದೆನೋವು ಎಂದವನು ಪಾವಗಡದ ಆಸ್ಪತ್ರೆ ಮುಟ್ಟಲಿಲ್ಲ.

ಆ ಮಗ್ಗ ಕಣ್ಣಿಗೆ ಬಿದ್ದರೆ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಪಾವಗಡದ ಚಿಕ್ಕ ಮ್ಯೂಸಿಯಂನವರು ಕೇಳಿದಾಗ ಕಂಬಳಿ ಸಮೇತ ಕೊಟ್ಟಳು. ಅವನು ಬಿಟ್ಟ ಹಾಗೆಯೇ ಇರಬೇಕು ಎಂದಷ್ಟೇ ಕೇಳಿಕೊಂಡಳು. ಅವರು ನೆಲ ಅಗೆದು, ನೇಯುವವರು ಕಾಲಿಳಿಸುವ ಗುಂಡಿ ಮಾಡಿ, ಮಗ್ಗ ಹೂಡಿ, ಮುಟ್ಟಬೇಡಿ ಎಂದು ಬೋರ್ಡೂ ಹಾಕಿದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಆಮೇಲೆ ಭವ್ಯ ಎಂಬ ಹೊಸ ಮೇಡಂ ಬಂದಳು. ಸಾಮಾನು ಸುಮ್ಮನೆ ಇಟ್ಟರೆ ನೊಣವೂ ಬರುವುದಿಲ್ಲ, ಜನ ಮುಟ್ಟಬೇಕು ಎಂಬುದು ಅವಳ ಹಟ. ಬೋರ್ಡು ಕಿತ್ತಳು.

ಆ ತಿಂಗಳು ಆಂಜಿನಮ್ಮ ಹೋದರೆ ಮಗ್ಗದ ಮುಂದೆ ಸಾಲು ನಿಂತಿದೆ. ಮೇಲೆ ಬ್ಯಾನರು: 'ಬೊಮ್ಮಪ್ಪನ ಕಂಬಳಿ ಊರೇ ಮುಗಿಸೋಣ. ಒಬ್ಬರಿಗೆ ಒಂದು ಎಳೆ.' ಯಾರೋ ಲೆಕ್ಚರರು ಬೂಟುಗಾಲು ಗುಂಡಿಗೆ ಇಳಿಸಿ ಕೂತು ಲಾಳಿ ಎಸೆಯುತ್ತಿದ್ದಾರೆ.

"ಎದ್ದೇಳಪ್ಪ ಮೇಲೆ!" ಎಂದು ಕೂಗಿದಳು ಆಂಜಿನಮ್ಮ.

ಭವ್ಯ ಓಡಿ ಬಂದಳು. "ಬನ್ನಿ ಅಮ್ಮ, ನೀವೂ ಒಂದೆಳೆ ಹಾಕಿ. ಇವತ್ತೊಂದೇ ದಿನ ನೂರಿಪ್ಪತ್ತು ಜನ! ನಿಮ್ಮ ಯಜಮಾನರ ಹೆಸರು ಎಲ್ಲರ ಬಾಯಲ್ಲಿದೆ."

"ಹೆಸರು ಬಾಯಲ್ಲಿ, ಬೂಟು ಗುಂಡೀಲಿ. ಬುಟ್ಟಂಗೇ ಇರ್ಲಿ ಅಂದಿರ್ಲಿಲ್ವೇನಮ್ಮ ನಾನು?"

"ಅದನ್ನ ಯಾರೂ ಬರೆದಿಟ್ಟಿಲ್ಲ ಅಮ್ಮ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ಬಾಯಿ ಹಾಕಿದಳು. "ಪೋನೀಲೇಮ್ಮ, ಹೋಗ್ಲಿ ಬುಡು, ಸತ್ತೋರ ಕೆಲ್ಸ ಮುಗ್ಸಿದ್ರೆ ಪುಣ್ಯ."

"ನಿನ್ ಗಂಡನೂ ಅರ್ಧಕ್ಕೇ ಬುಟ್ಟೋಗ್ಲಿ, ಬಂದು ಮುಗಿಸಿಕೊಡ್ತೀನಿ."

ಆ ಹೆಂಗಸು ಸಾಲು ಬಿಟ್ಟು ಹೊರಟಳು.

ಆಂಜಿನಮ್ಮ ಬಗ್ಗಿ ನೋಡಿದಳು. ಬೊಮ್ಮಪ್ಪನ ನೇಯ್ಗೆ ಹಲಗೆಯಂತೆ ಗಟ್ಟಿ. ಅದರ ಮುಂದೆ ಊರಿನವರದು ಒಂದು ಗೇಣು, ಜರಡಿಯಂತೆ. ಅಂಚು ಹಾವು ಹರಿದ ಹಾಗೆ. ಉದ್ದಕ್ಕೆ ಬಿಗಿದ ಹಾಸಿನ ನೂಲು ಹಿಂಜಿ ಹಿಂಜಿ ಕಡಿದುಹೋಗಿತ್ತು.

"ನೂಲು ಕಡೀದಂಗೆ ಇದಕ್ಕೆ ಹುಣಸೆಬೀಜದ ಗಂಜಿ ಬಳಿದ್ರಾ?"

"ಗಂಜಿ ಬಳೀಬೇಕಾ?" ಎಂದಳು ಭವ್ಯ.

ಇವಳನ್ನು ಏನೆಂದು ಬೈಯುವುದು! ಆಂಜಿನಮ್ಮ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡಳು. ಗಂಡನ ಕೊನೆಯ ಎಳೆ ಬೆರಳಲ್ಲಿ ಸವರಿ ಹುಡುಕಿ, ಅದರ ಪಕ್ಕಕ್ಕೇ ಕತ್ತರಿಸಿದಳು. ಭವ್ಯ ಅಯ್ಯೋ ಎಂದಳು, ತಡೆಯಲಿಲ್ಲ.

"ಮಗ್ಗ ನೀನೇ ಇಟ್ಕೊ. ಬೇರೆ ನೂಲು ಹೂಡಿ ಊರೆಲ್ಲಾ ಕುಣಿಸು. ಇದು ನಂದು."

"ಹೂಡೋರು ಯಾರಿದಾರೆ ಅಮ್ಮ?"

"ನನ್ನ ಕೇಳ್ಬೇಡ."

ಬಸ್ಸಿನಲ್ಲಿ ಪಕ್ಕದವಳು ತೊಡೆಯ ಮೇಲಿನದನ್ನು ಮುಟ್ಟಿ ನೋಡಿದಳು. "ಇದೇನಕ್ಕ, ಅರ್ಧಾನೇ ಐತಲ್ಲ? ಹೆಂಗ್ ಹೊದ್ಕೊಂತೀಯ?"

"ಕಾಲು ಮಡಚ್ಕೊಂಡು" ಎಂದಳು ಆಂಜಿನಮ್ಮ.