ದನಿ ಹೋದ ಮಾಸ್ತರರ ಪಾಳಿ ಪುಸ್ತಕ

೧೯೪೧ನೇ ಇಸವಿ, ಆಗಸ್ಟ್ ೧೭, ರವಿವಾರ. ಬೆಳಿಗ್ಗೆ ಏಳೂಕಾಲಿಗೆ ಇದನ್ನು ಬರೆಯಲು ಕುಳಿತೆ. ಎರಡೂವರೆ ವರ್ಷದ ಹಿಂದಿನ ಸಂಗತಿ. ಅಂದಿನ ದಿನಚರಿ ಮುಂದಿದೆ, ತಾರೀಖುಗಳಿಗೆ ನೆನಪನ್ನು ನಂಬಬೇಕಾಗಿಲ್ಲ.

ಆಗ ನನಗೆ ಇಪ್ಪತ್ತೆರಡು. ಧಾರವಾಡದ ಒಂದು ಕನ್ನಡ ಶಾಲೆಯಲ್ಲಿ ಸಹಾಯಕ ಶಿಕ್ಷಕನಾಗಿದ್ದೆ. ಕಟ್ಟಡ ಸಾಲದ್ದರಿಂದ ನಮ್ಮ ಶಾಲೆ ಬೆಳಿಗ್ಗೆ ಮಾತ್ರ ನಡೆಯುತ್ತಿತ್ತು. ಪ್ರಾಥಮಿಕ ಶಿಕ್ಷಕರ ಸಂಘ ಸೇರಿ ಒಂದು ವರ್ಷವಾಗಿತ್ತು. ಅಕ್ಷರ ದುಂಡಗಿದೆಯೆಂದು ಸಂಘದ ಬರವಣಿಗೆಯೆಲ್ಲ ನನ್ನ ಪಾಲಿಗೆ ಬಂದಿತ್ತು.

ನನಗೆ ಮೂರನೇ ಇಯತ್ತೆ ಕಲಿಸಿದ ಮಾಸ್ತರರು ಪಕ್ಕದ ಓಣಿಯ ಶಾಲೆಯಲ್ಲಿ ಇನ್ನೂ ನೌಕರಿಯಲ್ಲಿದ್ದರು. ೧೯೩೮ರ ಡಿಸೆಂಬರಿನಲ್ಲಿ ಅವರ ದನಿ ಹೋಯಿತು. ಗಂಟಲಲ್ಲಿ ಹುಣ್ಣಾಗಿದೆ, ಮಾತಾಡಕೂಡದು ಎಂದು ದವಾಖಾನೆಯಲ್ಲಿ ಹೇಳಿದರು. ರಜೆಯೆಲ್ಲ ಮುಗಿದಿತ್ತು. ಮಾರ್ಚ್ ೩೧ಕ್ಕೆ ಮೂವತ್ತು ವರ್ಷದ ನೌಕರಿ ತುಂಬಿದರೆ ಪೂರ್ತಿ ಪೆನ್ಶನ್. ಅದಕ್ಕೂ ಮೊದಲೇ ಕೆಲಸಕ್ಕೆ ಅಯೋಗ್ಯರೆಂದು ಬಿಡಿಸಿದರೆ ಹೆಚ್ಚಿನದೇನೂ ಸಿಗುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ, ಗಂಡ ಸತ್ತು ತವರಿಗೆ ಬಂದ ಮಗಳು.

ಸಂಘದ ಕಾರ್ಯದರ್ಶಿಗಳು ಉರ್ದು ಶಾಲೆಯ ಶಿಕ್ಷಕರು. ಅವರ ಅಣ್ಣ ಪುಸ್ತಕ ಕಟ್ಟುವ ಕಸಬಿನವರು. ಆ ಅಂಗಡಿಯಲ್ಲೇ, ಹಾಳೆ ಅಂಟಿಸುವ ಸರಿಯ ವಾಸನೆಯ ನಡುವೆ, ನಾವು ಸಭೆ ಸೇರಿದೆವು.

‘ಕುರ್ಚಿ ಮ್ಯಾಲೆ ಕುಂದ್ರೂದು ಅವರಿಗೆ ಆಗತೈತಿ. ಕಲಿಸೂದು ನಾವು ಹಂಚ್ಕೊಳ್ಳೂಣು. ಶುಕ್ರವಾರ ನಮ್ಮ ಸಾಲಿಗೆ ಸೂಟಿ, ಅದು ನನಗಿರ್ಲಿ’ ಎಂದರು ಕಾರ್ಯದರ್ಶಿಗಳು.

‘ಕಾಕಾ, ಕನ್ನಡ ಪದ್ಯ ಹೆಂಗ ಓದಸ್ತೀರಿ?’ ಎಂದು ಒಬ್ಬರು ಕೆಣಕಿದರು.

‘ನಿನ್ನಂಗ ಮೂಗಿನ್ಯಾಗ ಅಂತೂ ಓದಸಂಗಿಲ್ಲ.’

ಬೆಳಗಿನ ಶಾಲೆಯ ಆರು ಮಂದಿ ಉಳಿದ ದಿನಗಳನ್ನು ಒಪ್ಪಿಕೊಂಡೆವು. ಪಾಳಿಗೊಂದು ಪುಸ್ತಕ ಇಡೋಣವೆಂದೆ.

‘ತಮ್ಮಾ, ತಲ್ಯಾಗ ಇಟ್ಕೋ. ಹಾಳ್ಯಾಗ ಬ್ಯಾಡ’ ಎಂದರು ಕಾರ್ಯದರ್ಶಿಗಳು.

‘ಬರೀಲಿಲ್ಲಂದ್ರ ಬರವ್ರ ಬರತಾರ, ತಪ್ಪಸವ್ರು ತಪ್ಪಸ್ತಾರ್ರಿ’ ಎಂದೆ.

ಮರುದಿನ ಅವರೇ ನೀಲಿ ಬಟ್ಟೆ ಹಾಕಿ ಕಟ್ಟಿದ ಪುಸ್ತಕವೊಂದನ್ನು ಕೊಟ್ಟರು. ಶಾಲೆಗಳ ಪಾಠ ಟಿಪ್ಪಣಿ ಪುಸ್ತಕಗಳನ್ನು ಕಟ್ಟಿ ಮಿಕ್ಕಿದ ಬಟ್ಟೆ ಅದು. ತಾರೀಖು, ಬಂದವರು, ಬಂದ ವೇಳೆ, ಪಾಠ, ಸಹಿ ಎಂದು ಐದು ಮನೆ ಗೀಟಿದೆ.

ಜನವರಿ ೯ರಿಂದ ಪಾಳಿ ಶುರುವಾಯಿತು. ಮಾಸ್ತರರು ಹನ್ನೊಂದಕ್ಕೆ ಬಂದು ಹಾಜರಿಗೆ ಸಹಿ ಹಾಕಿ, ಕೊರಳಿಗೆ ಮಫ್ಲರ್ ಸುತ್ತಿ ಕುರ್ಚಿಯಲ್ಲಿ ಕೂಡುತ್ತಿದ್ದರು. ಮೊದಲ ತಾಸು ಫಳಿಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುವರು. ಆಮೇಲೆ ನಮ್ಮಲ್ಲೊಬ್ಬರು ಬಂದು ಮಾತಿನ ಪಾಠ ಮಾಡುವೆವು. ಮೇಜಿನ ಮೇಲೆ ಅವರ ಕೋಲು ಒಮ್ಮೆ ಬಡಿದರೆ ಮುಂದೆ ಓದು ಎಂದರ್ಥ, ಎರಡು ಸಲ ಬಡಿದರೆ ತಪ್ಪು. ಒಂದು ದಿನ ನಾನು ಪಾಠದಲ್ಲಿ ಒಂದು ಸಾಲು ಹಾರಿಸಿದಾಗ ಕೋಲು ಎರಡು ಸಲ ಬಡಿಯಿತು. ಇಡೀ ವರ್ಗ ನಕ್ಕಿತು. ಮಾಸ್ತರರೂ ನಕ್ಕರು, ಸದ್ದಿಲ್ಲದೆ.

ಫೆಬ್ರವರಿ ೨೮, ಮಂಗಳವಾರ. ನಲವತ್ತೊಂದನೆಯ ಪಾಳಿ, ನನ್ನದು. ಎರಡು ಗಂಟೆ ಹತ್ತು ನಿಮಿಷಕ್ಕೆ ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಒಳಗೆ ಬಂದರು.

‘ನೀವು ಯಾರ್ರಿ?’

‘ಇವರ ಹಳೇ ವಿದ್ಯಾರ್ಥಿರಿ. ಭೇಟಿಗೆ ಬಂದಿದ್ದೆ.’

ಅವರು ತಲೆಯಾಡಿಸಿ ಮಾಸ್ತರರ ಪಾಠ ಟಿಪ್ಪಣಿ ಕೇಳಿದರು. ಮಾಸ್ತರರು ಮೇಜಿನ ಖಾನೆ ಎಳೆದರು. ಒಳಗೆ ನೀಲಿ ಪುಸ್ತಕಗಳು ಎರಡಿದ್ದವು, ಅವರ ಟಿಪ್ಪಣಿಯದು ಮತ್ತು ನಮ್ಮ ಪಾಳಿಯದು. ಬಂದ ವೇಳೆ ಬರೆದು ಪಾಳಿಯದನ್ನು ಮೇಲೆ ಇಟ್ಟವನು ನಾನು. ಮಾಸ್ತರರು ಮೇಲಿನದನ್ನು ತೆಗೆದುಕೊಟ್ಟರು.

ಸಾಹೇಬರು ನಿಂತೇ ಹಾಳೆ ತಿರುವಿದರು, ಮೊದಲಿನಿಂದ ಕೊನೆಯವರೆಗೆ.

‘ಅಕ್ಷರ ಛಲೋ ಅದಾವ. ಯಾರವು?’

‘ನನ್ನವ್ರಿ’ ಎಂದೆ.

ಪುಸ್ತಕ ಅವರ ಚೀಲ ಸೇರಿತು. ಏಳು ಮಂದಿಯೂ ಜಬಾನಿ, ಅಂದರೆ ನಡೆದದ್ದರ ಹೇಳಿಕೆ, ಬರೆದುಕೊಡಬೇಕೆಂದು ಅಪ್ಪಣೆಯಾಯಿತು. ಮಾಸ್ತರರೇ ರೋಗ ಮುಚ್ಚಿಟ್ಟು ನಮ್ಮನ್ನು ಕಾಡಿ ಕರೆಸಿಕೊಂಡರು ಎಂದು ಬರೆದವರನ್ನು ತಾಕೀತು ಮಾಡಿ ಬಿಡುವರಂತೆ.

ಮಾರ್ಚ್ ೫, ರವಿವಾರ ಮತ್ತೆ ಅದೇ ಅಂಗಡಿಯಲ್ಲಿ ಸೇರಿದೆವು. ಒಂದೇ ಒಕ್ಕಣೆ ಎಂದು ಠರಾವಾಯಿತು: ‘ಮಾಸ್ತರರು ಕೇಳಿಲ್ಲ. ನಾವಾಗಿ ಹೋದೆವು.’ ಏಳು ಮಂದಿಯಲ್ಲಿ ಒಬ್ಬರು ಲೆಕ್ಕಣಿಕೆ ಮುಟ್ಟಲಿಲ್ಲ. ಪದ್ಯದ ಮಾತಿಗೆ ಕೆಣಕಿದವರು ಅವರೇ.

‘ಮನ್ಯಾಗ ಆರು ಮಂದಿ ಉಣ್ಣವ್ರದಾರ್ರಿ’ ಎಂದರು.

‘ಎದ್ದು ಹೋದ್ರೂ ಯಾರೂ ಸಿಟ್ಟಾಗಂಗಿಲ್ಲ’ ಎಂದರು ಕಾರ್ಯದರ್ಶಿಗಳು. ‘ನಾಳೆ ನಿನ್ನ ದನಿ ಹೋದ್ರೂ ಪಾಳಿ ಹಾಕ್ತೇವಿ, ಅದನ್ನ ತಿಳ್ಕೊಂಡು ಹೋಗು.’

ಹಿಂಜರಿದವರು ಲೆಕ್ಕಣಿಕೆ ಕೈಗೆ ತೆಗೆದುಕೊಂಡು ಸಹಿ ಹಾಕಿದರು. ನನ್ನ ಪುಸ್ತಕದಲ್ಲಿ ಹೆಸರೇ ಇಲ್ಲದ ಸದಸ್ಯರೂ ಕೆಳಗೆ ಸಹಿ ಹಾಕಿದರು. ಎಣಿಸಿದೆ, ಒಟ್ಟು ಮೂವತ್ತೆಂಟು.

ಅದರಿಂದ ಮಾಸ್ತರರ ನೌಕರಿ ಉಳಿಯಲಿಲ್ಲ. ಮಾರ್ಚ್ ೧೩ಕ್ಕೆ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ, ೧೪ಕ್ಕೆ ಕೆಲಸದಿಂದ ಬಿಡುಗಡೆ. ಕಡಿಮೆ ಬಿದ್ದದ್ದು ಹದಿನೇಳು ದಿನ. ಏಳು ಮಂದಿಗೂ ಬದಲಿಯಾಯಿತು: ಇಬ್ಬರಿಗೆ ಹೆಬ್ಬಳ್ಳಿ, ಒಬ್ಬರಿಗೆ ಅಮ್ಮಿನಬಾವಿ, ಕಾರ್ಯದರ್ಶಿಗಳಿಗೆ ಹುಬ್ಬಳ್ಳಿ, ಉಳಿದ ನಮಗೆ ದೂರದ ಹಳ್ಳಿಗಳು. ಪೆನ್ಶನ್ನಿಗಾಗಿ ಸಂಘ ಎರಡು ಅರ್ಜಿ ಕೊಟ್ಟಿತು. ಎರಡಕ್ಕೂ ‘ವಿಚಾರದಲ್ಲಿದೆ’ ಎಂದೇ ಉತ್ತರ.

ಕಾರ್ಯದರ್ಶಿಗಳು ಹೊಸ ಪಾಳಿ ಹಾಕಿದರು. ದಿನಾ ಸಂಜೆ ಒಬ್ಬ ಸದಸ್ಯರು ಮಾಸ್ತರರ ಮನೆಗೆ ಹೋಗಿ ಔಷಧ ಕೊಟ್ಟು, ಪತ್ರಿಕೆ ಓದಿ ಹೇಳಿ ಬರಬೇಕು. ಈ ಸಲ ನನ್ನತ್ತ ನೋಡಿ, ‘ಯಾರೂ ಏನೂ ಬರೀಬಾರ್ದು’ ಎಂದರು.

ಊರು ಬಿಡುವ ಹಿಂದಿನ ಸಂಜೆ, ಮಾರ್ಚ್ ೧೯ರಂದು, ನನ್ನ ಪಾಳಿ. ಮಾಸ್ತರರು ಗೋಡೆಗೊರಗಿ ಕುಳಿತಿದ್ದರು. ಕೋಲು ಪಕ್ಕದಲ್ಲಿತ್ತು. ‘ಆ ಪುಸ್ತಕ ಮ್ಯಾಲೆ ಇಟ್ಟಾವ ನಾನರಿ’ ಎಂದೆ. ಅವರು ಕೋಲೆತ್ತಿ ನೆಲಕ್ಕೆ ಒಂದು ಸಲ ಬಡಿದರು. ನಾನು ಪತ್ರಿಕೆ ಓದಿದೆ.

ಜುಲೈ ೬ಕ್ಕೆ ಅವರು ತೀರಿಕೊಂಡರು. ಮಾರ್ಚ್ ೨೦ರಿಂದ ಅಲ್ಲಿಗೆ ೧೦೯ ದಿನ. ಆ ಸಂಜೆಗಳ ಬಗ್ಗೆ ನನ್ನಲ್ಲಿ ಏನೂ ಇಲ್ಲ. ಪಾಳಿಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದ ಕಾರ್ಯದರ್ಶಿಗಳು ಹೋದ ಚಳಿಗಾಲ ತೀರಿಕೊಂಡರು. ಕಳೆದ ತಿಂಗಳು ಮಾಸ್ತರರ ಹೆಂಡತಿಯನ್ನು ಕೇಳಿದೆ.

‘ಒಂದ ದಿನಾನೂ ತಪ್ಪಲಿಲ್ಲಪಾ. ಯಾರ್ಯಾರು ಅಂತ ಹೆಂಗ ಹೇಳ್ಲಿ, ಬಂದವ್ರೆಲ್ಲಾ ಮಾಸ್ತರೇ’ ಎಂದರು.

ಇದನ್ನು ಓದುವವರಲ್ಲಿ ಆ ಮನೆಗೆ ಹೋದವರು ಇರಬಹುದು. ದಯವಿಟ್ಟು ಈ ಮಾಸಿಕದ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಹೆಸರು ಹಾಕಬೇಡಿರಿ. ತಾರೀಖು ಸಾಕು, ಅಂದು ಏನು ಓದಿದಿರೆಂಬುದು ನೆನಪಿದ್ದರೆ ಅದೂ.